ಪಾಳಿ ಹಚ್ಚಿದ ಗೂಂಡಾಗಳು

ನಾಲ್ಕು ಜನ ಕೂಡಿ ಬಂದು ನನ್ನ ಮೇಲೆ ಬೀಳಲಿ ಎಂದು ನಾನು ಒಂದು ತಿಂಗಳು ಕೈಮುಗಿದು ಬೇಡಿಕೊಂಡೆ. ಯಾರೂ ಒಪ್ಪಲಿಲ್ಲ. ಬೇಡವೆಂದಾಗ ಎಲ್ಲ ಕಡೆಯಿಂದ ಮೈಮೇಲೆ ಬರುವ ಗಂಡಸರು, ಬೇಕೆಂದಾಗ ಇಷ್ಟೊಂದು ಸಂಭಾವಿತರಾಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಯಾರ ಮೇಲೆ, ಯಾಕೆ ಸಿಟ್ಟು ಬಂತು ಎಂಬುದನ್ನು ತಾರೀಖು ಹಾಕಿ ಬರೆಯುತ್ತೇನೆ; ತಿಂಗಳು ಮುಗಿದಾಗ ಕಾರಣವಾರು ಕೂಡಿಸಿ ನೋಡುತ್ತೇನೆ. "ಮಂದಿ ಹಾಲಿನ ಲೆಕ್ಕಾ ಇಡತಾರ, ನೀ ಸಿಟ್ಟಿನ ಲೆಕ್ಕಾ ಇಡತಿಯಲ್ಲವಾ" ಎಂದು ಅವ್ವ ಆಡಿಕೊಳ್ಳುತ್ತಾಳೆ. ಈ ಲೆಕ್ಕದಲ್ಲಿ ತಪ್ಪದೆ ಮೊದಲ ಸ್ಥಾನ ಪಡೆಯುವವರು ಮೂಡಲಗಿ ಬಸ್ ಸ್ಟ್ಯಾಂಡಿನ ಹುಡುಗರು. ಆ ತಿಂಗಳು ಮಾತ್ರ ಅವರನ್ನೂ ಹಿಂದೆ ಹಾಕಿದವರು ನಾಲ್ಕು ಜನ ಸಭ್ಯ ಪೈಲವಾನರು.

ಮೊದಲು ಹುಡುಗರ ಸಂಗತಿ. ಮೂಡಲಗಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಶನಿವಾರ ಕರಾಟೆ ಕಲಿಸುತ್ತೇನೆ. ಶಾಲೆ ಬಿಟ್ಟ ಮೇಲೆ ಹುಡುಗಿಯರು ಕುಲಗೋಡದ ಬಸ್ಸು ಹಿಡಿಯಲು ಸ್ಟ್ಯಾಂಡಿಗೆ ಬರಬೇಕು. ಅಲ್ಲಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಬೈಕು ಅಡ್ಡ ನಿಲ್ಲಿಸಿಕೊಂಡು ಒಂದು ಗುಂಪು ಕಾಯುತ್ತಿರುತ್ತದೆ. ದುಪಟ್ಟಾ ಜಗ್ಗುವುದು, ಚೀಲ ಕಸಿದುಕೊಳ್ಳುವುದು, ಹೆಸರು ಹಿಡಿದು ಕೂಗಿ ಕೇಕೆ ಹಾಕುವುದು. ಇವರಲ್ಲಿ ಯಾವನಾದರೂ ಒಬ್ಬನೇ ಸಿಕ್ಕರೆ ನೆಲ ನೋಡಿಕೊಂಡು ಹೋಗುತ್ತಾನೆ. ಒಬ್ಬೊಬ್ಬರಲ್ಲಿ ಇಲ್ಲದ ಗಂಡಸುತನ ಕೂಡಿಸಿದಾಗ ಎಲ್ಲಿಂದ ಬರುತ್ತದೋ ದೇವರೇ ಬಲ್ಲ. ಇವರ ಕಾಟಕ್ಕೆ ಇಬ್ಬರು ಹುಡುಗಿಯರು ಆಗಲೇ ಶಾಲೆ ಬಿಟ್ಟಿದ್ದರು. ಮೂರನೆಯವಳಾಗಿ ಬಿಡುವ ಸರದಿ ಸವಿತಾಳದು, ಹತ್ತನೆಯ ತರಗತಿ. ಅವಳ ಅಪ್ಪ ಕುರಿ ಸಾಕುವವರು. ಒಂದು ದಿನ ಶಾಲೆಯ ಬಾಗಿಲಿಗೆ ಬಂದು, "ಅಕ್ಕೋರ, ನೀವು ಕರಾಟಿ ಕಲಸಾಕತ್ತೀರಿ ಅಂತ ಧೈರ್ಯಾ ಮಾಡಿ ಕಳಸಾಕತ್ತೇನ್ರಿ. ಅದು ನಿಂತ ದಿನಾ ಇಕಿ ಸಾಲೀನೂ ನಿಂತಂಗ" ಎಂದು ಹೇಳಿ ಹೋದರು.

ಅದು ನಿಲ್ಲುವ ಹಂತಕ್ಕೇ ಬಂದಿತ್ತು. ಶಾಲೆ ನಡೆಸುವ ಮಂಡಳಿ ಹುಕ್ಕೇರಿಯಲ್ಲಿದೆ. ಅದರ ಅಧ್ಯಕ್ಷರಿಗೆ ಹುಡುಗಿಯರು ಒದೆಯುವುದಕ್ಕಿಂತ ಹೊಲಿಯುವುದು ಚಂದ ಎಂಬ ಅಭಿಪ್ರಾಯ. ಮಂಡಳಿಯ ಅಂಗಳದಲ್ಲಿ ಒಂದು ಪ್ರದರ್ಶನ ಕೊಡಿ, ಉಪಯೋಗ ಕಂಡರೆ ಮುಂದುವರಿಸೋಣ, ಇಲ್ಲವಾದರೆ ಆ ತಾಸು ಹೊಲಿಗೆಗೆ ಎಂದರು. ಒಬ್ಬಳು ನಾಲ್ವರನ್ನು ಎದುರಿಸುವುದನ್ನೇ ತೋರಿಸುತ್ತೇನೆ ಎಂದು ನಾನು ಸಿಟ್ಟಿನಲ್ಲಿ ಒಪ್ಪಿಕೊಂಡೆ. ಗೋಕಾಕದಲ್ಲಿ ನನಗೆ ಕರಾಟೆ ಕಲಿಸಿದ ಗುರುಗಳ ಪದ್ಧತಿಯಲ್ಲಿ ಎದುರಾಳಿ ಒಂದು ಗುದ್ದು ಹಾಕಿ ಕೈಯನ್ನು ಹಾಗೇ ಗಾಳಿಯಲ್ಲಿ ಚಾಚಿಕೊಂಡು ನಿಂತಿರುತ್ತಾನೆ. ನಾವು ಸಾವಕಾಶವಾಗಿ ಅವನನ್ನು ಬಡಿಯಬೇಕು. ಬಹಳ ಜನ ಬಂದರೆ ಹೇಗೆ ಎಂದು ಒಮ್ಮೆ ಕೇಳಿದ್ದೆ. "ಅವರನ್ನ ಒಂದ ಸಾಲಿಗೆ ತರಬೇಕವಾ. ಮುಂದಿನಾಂವನ ಹಿಂದ ಉಳದಾವ್ರು ಸಿಕ್ಕೊಂಡ್ರ, ಒಬ್ಬನ ಜೋಡಿ ಬಡದಾಡಿದಂಗ" ಎಂದಿದ್ದರು. ಹುಡುಗಿಯರಿಗೂ ನಾನು ಇದನ್ನೇ ಬಾಯಿಪಾಠ ಮಾಡಿಸಿದ್ದೆ.

ಗೂಂಡಾಗಳಾಗಲು ಜನ ಬೇಕಲ್ಲ? ಕೌಜಲಗಿಯಲ್ಲಿ ನನ್ನ ಸೋದರಮಾವ ಕುಸ್ತಿಯ ತಾಲೀಮು, ಅಂದರೆ ಗರಡಿಮನೆ, ನಡೆಸುತ್ತಾನೆ. ನಾಲ್ವರು ಪೈಲವಾನರನ್ನು ಕೊಟ್ಟ. ಅವರ ಮುಖಂಡ ಲಕ್ಕಪ್ಪ, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ತಾಲೀಮಿನ ಮಣ್ಣಿಗೆ ಹೆಂಗಸರು ಕಾಲಿಡುವ ಹಾಗಿಲ್ಲವೆಂದು ಮಾವ ಹೊರಗೆ ಕಣದಲ್ಲಿ ಜಾಗ ತೋರಿಸಿದ. ಅದಕ್ಕೂ ದಿನಚರಿಯಲ್ಲಿ ಒಂದು ಸಾಲು. ಅಭ್ಯಾಸ ಶುರುವಾಯಿತು. ಎಲ್ಲರೂ ಸುತ್ತುವರಿದು ಬನ್ನಿ ಎಂದೆ. ಲಕ್ಕಪ್ಪ ಮುಂದೆ ಬಂದು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಕುಸ್ತಿಯ ರಿವಾಜಿನಂತೆ ನನಗೆ ಕೈಕೊಟ್ಟ. ಉಳಿದ ಮೂವರು ಬದಿಗೆ ಕುಕ್ಕರಗಾಲಲ್ಲಿ ಕೂತು ಪಾಳಿ ಕಾಯತೊಡಗಿದರು.

"ಅವರ್ಯಾಕ ಕುಂತಾರ?"

"ನನ್ನದು ಮುಗೀಲಿ ಅಂತ್ರಿ, ಅಕ್ಕಾರ."

"ನೀವು ಗೂಂಡಾಗೋಳ್ರಿ! ಗೂಂಡಾಗೋಳು ಪಾಳಿ ಹಚ್ಚತಾರೇನು?"

"ಖರೇ ಐತ್ರಿ. ಆದ್ರ ಇಬ್ಬರು ಕೂಡಿ ಒಬ್ಬರ ಮ್ಯಾಲ ಬಿದ್ರ ಉಸ್ತಾದರು ಮತ್ತ ತಾಲೀಮಿನಾಗ ಕಾಲ ಇಡಾಕ ಬಿಡೂದಿಲ್ರಿ."

ಉಸ್ತಾದನೆಂದರೆ ನನ್ನ ಮಾವನೇ. ಅವನು ಕಟ್ಟೆಯ ಮೇಲೆ ಕೂತು ಮೀಸೆ ತೀಡಿಕೊಂಡು, "ನಮ್ಮ ಹುಡುಗರು ಹಂತಾವ್ರಲ್ಲ" ಎಂದು ಹೆಮ್ಮೆಪಡುತ್ತಿದ್ದ. ಹಿಂದಿನಿಂದ ಬಂದು ಹಿಡಿದುಕೋ ಎಂದರೆ ಲಕ್ಕಪ್ಪ ಬೆನ್ನ ಹಿಂದೆ ನಿಂತು ಕೆಮ್ಮಿ, "ಹಿಡೀಲ್ರಿ ಅಕ್ಕಾರ?" ಎಂದು ಕೇಳುತ್ತಿದ್ದ. ಇನ್ನು ಕೆಡವಿದರೆ ಅಂಗಾತ ಬೀಳಲು ಒಬ್ಬನೂ ತಯಾರಿಲ್ಲ. ಬೆನ್ನಿಗೆ ಮಣ್ಣು ಹತ್ತಿದರೆ ಚಿತ್, ಅಂದರೆ ಸೋತಂತೆ. ಮುಂದಿನ ಕುಸ್ತಿಗೆ ಯಾರೂ ಕರೆಯುವುದಿಲ್ಲವಂತೆ. ಒಂದು ಹುಡುಗಿಯ ಶಾಲೆ ನಿಲ್ಲುವುದು ದೊಡ್ಡದೋ, ಇವರ ಬೆನ್ನಿಗೆ ಮಣ್ಣು ಹತ್ತುವುದು ದೊಡ್ಡದೋ ಎಂದು ಕೂಗಾಡಿದೆ. ನಾಲ್ವರೂ ತಲೆ ತಗ್ಗಿಸಿ, "ಹುಕ್ಕೇರ್ಯಾಗ ಬರೊಬ್ಬರಿ ಮಾಡತೇವ್ರಿ" ಎಂದು ಮಾತು ಕೊಟ್ಟರು.

ಹುಕ್ಕೇರಿಯಲ್ಲಿ ಏನಾಯಿತೆಂದು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಕೌಜಲಗಿಯ ಪೈಲವಾನರು ಬಂದಿದ್ದಾರೆಂಬ ಸುದ್ದಿ ಹೇಗೋ ಹಬ್ಬಿ, ಊರಿನ ಕುಸ್ತಿ ಹುಚ್ಚಿನವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಕಪ್ಪು ಕನ್ನಡಕ, ಕೊರಳಿಗೆ ಕರವಸ್ತ್ರ ಕಟ್ಟಿಕೊಂಡು ನನ್ನ ಗೂಂಡಾಗಳು ಇಳಿದರು. ಜನ ಚಪ್ಪಾಳೆ ಹೊಡೆದದ್ದೇ ತಡ, ಕೊಟ್ಟ ಮಾತು ಮರೆತುಹೋಯಿತು. ಲಕ್ಕಪ್ಪ ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ನೆಲ ಮುಟ್ಟಿ, ತೊಡೆ ತಟ್ಟಿ, ನನಗೆ ಕೈಕೊಟ್ಟ. ಉಳಿದ ಮೂವರು ಹೋಗಿ ಕೂತರು. ಸಿಟ್ಟಿನಲ್ಲಿ ಕಾಲಿಗೆ ಕಾಲು ಕೊಟ್ಟು ಲಕ್ಕಪ್ಪನನ್ನು ಕೆಡವಿದೆ. ಅವನು ಬೀಳುವಾಗಲೇ ಮೀನಿನಂತೆ ಹೊರಳಿ ಹೊಟ್ಟೆಯ ಮೇಲೆ ಬಿದ್ದ. "ಚಿತ್ ಆಗಿಲ್ಲಾ!" ಎಂದು ಜನ ಎದ್ದು ನಿಂತರು. ಯಾರೂ ಕರೆಯದ ಮುದುಕರೊಬ್ಬರು ಗುಂಪಿನಿಂದ ಬಂದು, ನೆಲಕ್ಕೆ ಕೆನ್ನೆ ಹಚ್ಚಿ ಪರೀಕ್ಷಿಸಿ, "ಬೆನ್ನು ಹತ್ತಿಲ್ಲ. ನಡೀಲಿ" ಎಂದು ತೀರ್ಪು ಕೊಟ್ಟರು. ಅಧ್ಯಕ್ಷರೂ ಕುರ್ಚಿಯಿಂದ ಎದ್ದು, "ಲಕ್ಕಪ್ಪಾ, ಹಂಗ ಇರು!" ಎಂದು ಹುರಿದುಂಬಿಸುತ್ತಿದ್ದರು.

"ಬಸ್ ಸ್ಟ್ಯಾಂಡಿನ್ಯಾಗ ಯಾರೂ ಕೈಕೊಟ್ಟು ಮೈಮ್ಯಾಲ ಬರೂದಿಲ್ರಿ! ಇಲ್ಲಿ ಕುಸ್ತಿ ನಡದಿಲ್ಲ!" ಎಂದು ನಾನು ಕಿರುಚಿದೆ.

ಅಧ್ಯಕ್ಷರಿಗೆ ತಮ್ಮ ಹುದ್ದೆ ನೆನಪಾಯಿತು. ಕೂತರು. "ನೋಡ್ರಿ ಬಾಯಾರ, ಒಬ್ಬನ್ನ ಚಿತ್ ಮಾಡಾಕ ಆಗವಲ್ದು, ನಾಕ ಮಂದಿದೇನ ಮಾತು? ಹೊಲಿಗೀನ ಚಲೋ."

ಹಿಂದೆ ಚಾಪೆಯ ಮೇಲೆ ಕೂತಿದ್ದ ನನ್ನ ವಿದ್ಯಾರ್ಥಿನಿಯರಲ್ಲಿ ಸವಿತಾ ಎದ್ದಳು. "ತಡೀರಿ ಸಾಹೇಬ್ರ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಇವರು ಬರೂದಿಲ್ಲ. ನಾವು ಬರತೇವ್ರಿ" ಎಂದಳು. "ಬರ್ರಿ, ಎಲ್ಲಾರೂ ಬರ್ರಿ!" ಎಂದೆ. ಹೆಣ್ಣುಮಕ್ಕಳು, ನಾನೇ ಕಲಿಸಿದವರು, ಮೆತ್ತಗೆ ಒಂದು ಸಾಲಿಗೆ ತಂದು ತೋರಿಸಿದರಾಯಿತು ಎಂಬ ಲೆಕ್ಕ. ಆದರೆ ಮೈಮೇಲೆ ಬರುವವರು ಸಾಲಿನಲ್ಲಿ ನಿಂತರೆ ಕೆಲಸ ಕೆಟ್ಟಿತೆಂದು ಅವರಿಗೂ ನಾನೇ ಕಲಿಸಿದ್ದೆನಲ್ಲ. ಚದುರಿಕೊಂಡು ಎಲ್ಲ ದಿಕ್ಕಿನಿಂದ ಬಂದರು. ಒಬ್ಬಳು ದುಪಟ್ಟಾ ನನ್ನ ಮುಖದ ಮೇಲೆ ಎಸೆದಳು, ಇಬ್ಬರು ಕಾಲು ಹಿಡಿದರು, ಸವಿತಾ ಎದೆಗೆ ಹೆಗಲು ಕೊಟ್ಟು ನೂಕಿದಳು. ದುಪಟ್ಟಾ ಸರಿದಾಗ ನನಗೆ ಕಂಡದ್ದು ಹುಕ್ಕೇರಿಯ ಆಕಾಶ. ಮುದುಕರು ಬಗ್ಗಿ ನನ್ನ ಎರಡೂ ಭುಜ ಮುಟ್ಟಿ ನೋಡಿ, "ಚಿತ್!" ಎಂದು ಸವಿತಾಳ ಕೈ ಎತ್ತಿ ಹಿಡಿದರು. ಅಂಗಳವೆಲ್ಲ ಶಿಳ್ಳೆ. ಲಕ್ಕಪ್ಪನಂತೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ.

"ಕರಾಟಿ ನಡೀಲಿ" ಎಂದರು ಅಧ್ಯಕ್ಷರು. "ಹುಡುಗ್ಯಾರು ಭಾಳ ತಯಾರ ಆಗ್ಯಾರ." ನನ್ನ ಬೆನ್ನಿನ ಮಣ್ಣು ನೋಡಿ ದನಿ ತಗ್ಗಿಸಿ, "ನೀವೂ ಸ್ವಲ್ಪ ಅವರ ಜೋಡಿ ರೂಢಿ ಮಾಡ್ರಿ" ಎಂದರು.

ತರಗತಿ ನಡೆಯುತ್ತಿದೆ. ಸವಿತಾ ಶಾಲೆಗೆ ಬರುತ್ತಿದ್ದಾಳೆ. ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳನ್ನು ಹೇಗೋ ಎಳೆದುಕೊಂಡೂ ಬಂದಿದ್ದಾಳೆ. ಸಂಜೆ ಸ್ಟ್ಯಾಂಡಿಗೆ ಎಲ್ಲರೂ ಒಟ್ಟಿಗೆ, ಆಚೀಚೆ ಹರಡಿಕೊಂಡು ಹೋಗುತ್ತಾರೆ. ಗಾಡಿಯ ಹತ್ತಿರದ ಹುಡುಗರು ಬೈಕು ಸರಿಸಿ ಆಕಾಶ, ಮೊಬೈಲು ನೋಡುತ್ತಾರೆ. ಇಷ್ಟಾದರೂ ನನ್ನ ಸಿಟ್ಟಿನ ಲೆಕ್ಕ ಇಳಿದಿಲ್ಲ. ಯಾಕೆಂದರೆ ಪ್ರತಿ ಶನಿವಾರ, ಶಾಲೆಯ ಗೇಟು ದಾಟುವ ಮೊದಲು, ಹತ್ತನೆಯ ತರಗತಿಯ ಆ ಹುಡುಗಿ ಕರಾಟೆ ಕಲಿಸುವ ನನ್ನ ತೋಳು ಹಿಡಿದು ಹೇಳುತ್ತಾಳೆ: "ಅಕ್ಕೋರ, ನೀವು ನಡುವ ಬರ್ರಿ. ಯಾರರ ಏನರ ಮಾಡಿದ್ರ ನಾವು ಅದೇವ್ರಿ."

ನಾನು ಕೆಂಡವಾಗುತ್ತೇನೆ. ಆಮೇಲೆ ನಡುವೆ ಹೋಗಿ ನಿಲ್ಲುತ್ತೇನೆ.