ಹಕ್ಕಿನ ಕಂಬಳಿ, ದಾನದ ಕಂಬಳಿ

ಎರಡು ಸಾವಿರದ ನಾಲ್ಕು, ಜೂನ್ ಒಂಬತ್ತು. ಬೆಳಗಿನಿಂದ ಜಿಟಿಜಿಟಿ ಮಳೆ, ಗಾಳಿ ಇಲ್ಲ. ಕಳಸದ ಕಡೆಯ ಕಾಡಿಗೆ ನಕ್ಸಲರು ಬಂದಿದ್ದಾರೆ ಎಂದು ಸುದ್ದಿ ಹಬ್ಬಿ, ಜನ ಮಾತನ್ನು ಅಳೆದು ಆಡುತ್ತಿದ್ದ ಕಾಲ. ನಗು ಬರುವ ಸಂಗತಿಗಳು ಯಾಕೋ ನಾನು ಹೆದರಿದಾಗಲೇ ನಡೆಯುತ್ತವೆ.

೧. ಕೆಂಪು ಹೆಬ್ಬೆಟ್ಟು

ನಾನು ಎಸ್ಟೇಟಿನ ರೈಟರ್, ಹಾಜರಿ ಬರೆಯುವವನು. ಮಳೆಗಾಲಕ್ಕೆ ಆಳಿಗೊಂದು ಕಂಬಳಿ ಕೊಡುವುದು ನಮ್ಮಲ್ಲಿ ರೂಢಿ. ಹಿಂದಿನ ವರ್ಷ ಕೊಟ್ಟಿರಲಿಲ್ಲ, ಆ ವರ್ಷವೂ ಸುಳಿವಿರಲಿಲ್ಲ. ಆಳುಗಳ ಸಾಲುಮನೆಯಾದ ಕೂಲಿ ಲೈನಿನ ಹಿರಿಯಕ್ಕ ಆಫೀಸಿಗೆ ಬಂದರು.

"ರೈಟ್ರೇ, ಹೋದ್ಸಲ ಗೊಬ್ಬರದ ಚೀಲ ಹೊದ್ದು ಮಳೆ ಕಳೆದ್ವಿ. ಮಕ್ಳಿಗೆ ಕೆಮ್ಮು ಇನ್ನೂ ಬಿಟ್ಟಿಲ್ಲ. ನಮಗೆ ಬರ್ಬೇಕಾದ್ದು ಅಂತ ಒಂದು ಅರ್ಜಿ ಬರ್ದು ಕೊಡಿ."

ಓದಿಕೊಂಡವನ ಚಪಲ. 'ಬರಬೇಕಾದ್ದು' ಬಿಟ್ಟು 'ಕಂಬಳಿ ನಮ್ಮ ಹಕ್ಕು' ಎಂದು ಬರೆದೆ. ನೀಲಿ ಇಂಕ್ ಪ್ಯಾಡ್ ಒಣಗಿತ್ತು. ಹದಿನೆಂಟು ಮಂದಿಯ ಹೆಬ್ಬೆಟ್ಟನ್ನೂ ಕೆಂಪಿನಲ್ಲೇ ಒತ್ತಿಸಿದೆ.

ಅಕ್ಕ ಕಾಗದ ನೋಡಿ, "ಏನು ಮಾರಾಯ್ರೇ, ಕೋಳಿ ಕೊಯ್ದ ಹಾಗಿದೆ" ಎಂದರು.

೨. ಬರೆದವನು ಯಾರು

ಅರ್ಜಿ ಹಿಡಿದು ಎಸ್ಟೇಟಿನ ಯಜಮಾನರ ಬಂಗಲೆಗೆ ಹೋದೆ. ಸಾಹುಕಾರರ ಕನ್ನಡಕ ಒಳಗಿತ್ತು. ಅವರಿಗೆ ಕೆಂಪು ಮಾತ್ರ ಕಂಡಿತು. "ನೀವೇ ಓದಿ" ಎಂದರು. ಓದಿದೆ. 'ಹಕ್ಕು' ಎಂಬಲ್ಲಿಗೆ ಬಂದಾಗ ಎದ್ದು ಕಿಟಕಿ ಹಾಕಿದರು.

"ಇದು ಲೈನಿನವರ ಮಾತಲ್ಲ ರೈಟ್ರೇ. ಕಾಡಿಂದ ಬಂದದ್ದು. ಯಾವನೋ ಬರ್ದು ಕೊಟ್ಟಿದ್ದಾನೆ. ಸ್ಟೇಷನ್ನಿಗೆ ಹೇಳ್ತೀನಿ."

ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದೆ. ಸಾಹುಕಾರರು ಹೆಗಲು ತಟ್ಟಿದರು.

"ಹೆದರ್ಬೇಡಿ. ನಾನಿರೋವರೆಗೆ ಅವನು ನಿಮ್ಮನ್ನ ಏನೂ ಮಾಡಲ್ಲ."

೩. ಭಜನೆ ಪುಸ್ತಕ

ಮನೆಯಲ್ಲಿ ಕೆಂಪು ರಟ್ಟಿನ ರಷ್ಯನ್ ಕಾದಂಬರಿಯೊಂದಿತ್ತು. ಕ್ಯಾಲೆಂಡರಿನ ಲಕ್ಷ್ಮಿಯನ್ನು ಹರಿದು ಅದಕ್ಕೆ ಹೊದಿಸಿ, ಮೇಲೆ 'ಭಜನೆ' ಎಂದು ಬರೆದೆ. ಮರುದಿನ ಸ್ಟೇಷನ್ನಿನ ದಫೇದಾರರು ಮನೆಮನೆ ಶೋಧಿಸುತ್ತ ಬಂದರು. ಆ ಪುಸ್ತಕವನ್ನೇ ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡರು.

"ಮನೇಲಿ ಇಂಥದ್ದಿರ್ಬೇಕು. ಒಂದು ಹಾಡಿ, ಕೇಳಣ."

ಗಂಟಲು ಕಟ್ಟಿದೆ ಎಂದೆ. ಅದೇನೂ ಸುಳ್ಳಲ್ಲ.

೪. ಜೋಡಿ

ಅಂದೇ ಬಂಗಲೆಯ ಅಂಗಳದಲ್ಲಿ ಹದಿನೆಂಟು ಮಂದಿಯನ್ನೂ ಸಾಲಾಗಿ ನಿಲ್ಲಿಸಿದರು. "ಬರೆದವನು ಯಾರು? ಹೇಳದಿದ್ರೆ ಎಲ್ಲರೂ ಜೀಪು ಹತ್ತಿ" ಎಂದರು ದಫೇದಾರರು.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಬರೆಸಿದ್ದು ನಾನು. ಚಳಿ ಆಗಿದ್ದು ನಂಗೆ."

ಇನ್ನು ಸುಮ್ಮನಿರಲು ಆಗಲಿಲ್ಲ. ಮುಂದೆ ಬಂದೆ. ಧೈರ್ಯ ಅರ್ಧ ದಾರಿಯಲ್ಲೇ ಮುಗಿಯಿತು. "ಬರೆದವನು ನಾನೇ. ಪದ ತಪ್ಪಿತು. 'ಕಂಬಳಿ ದಾನ' ಅಂತ ಬರೀಬೇಕಿತ್ತು."

ಸಾಹುಕಾರರ ಮುಖ ಅರಳಿತು. "ಮೊದಲೇ ಹಾಗನ್ನಬಾರದಾ ಮಾರಾಯ್ರೇ! ದಾನ ಅಂದ್ಮೇಲೆ ಒಂಟಿ ಕೊಡಬಾರದು, ಜೋಡಿ ಕೊಡ್ಬೇಕು."

"ದಾನ ಕೇಳಿದ್ರೆ ಕೇಸಿಲ್ಲ" ಎಂದು ದಫೇದಾರರು ಟೋಪಿ ಹಾಕಿಕೊಂಡರು.

ಮುಂದಿನ ಸೋಮವಾರ ಭಟ್ಟರು ಬಂದು ಮಂತ್ರ ಹೇಳಿದರು. ಆಳಿಗೆ ಎರಡೆರಡು ಕಂಬಳಿ, ಮೇಲೊಂದು ತೆಂಗಿನಕಾಯಿ. ಸಾಹುಕಾರರ ಕಣ್ಣಲ್ಲಿ ನೀರು. ಅಕ್ಕ ಕೈಮುಗಿದು ತೆಗೆದುಕೊಂಡು, ಆಫೀಸಿನ ಬಾಗಿಲಲ್ಲಿ ನಿಂತರು.

"ರೈಟ್ರೇ, ಸರಿಯಾಗಿ ಬರ್ಕೊಳ್ಳಿ. ಹೋದ ವರ್ಷದ್ದು ಒಂದು, ಈ ವರ್ಷದ್ದು ಒಂದು. ದಾನ ಬಂದದ್ದು ತೆಂಗಿನಕಾಯಿ ಮಾತ್ರ."