ಸಮುದ್ರದ ದಂಡಿಯಲ್ಲಿ ನಾನು ಹಾಕಿದ ಮಾಳಗಿ

ನಾನು ಓದಿದ್ದು ಮೂರನೆಯ ಇಯತ್ತೆ. ಆದರೆ ಮಣ್ಣಿನ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿರಲಿಲ್ಲ. ಮನೆ ಕಟ್ಟುವ ಗೌಂಡಿ ನಾನು; ಭಾಲ್ಕಿಯಲ್ಲಿ ನಾನು ತಲೆಯ ಮೇಲೆ ಸಪಾಟು ಮಣ್ಣಿನ ಮಾಳಗಿ ಹಾಕಿದ ಯಾವ ಮನೆಯೂ ಒಂದು ಹನಿ ಸೋರಿದ್ದಿಲ್ಲ.

ನಿಜಾಮನ ರಾಜ್ಯದ ಕೊನೆಯ ವರ್ಷ, ಊರಲ್ಲಿ ಜೀವ ಉಳಿಸಿಕೊಳ್ಳುವುದೇ ಕಷ್ಟವಾದಾಗ, ಹೆಂಡತಿ ಗುರಮ್ಮನನ್ನು ಕರೆದುಕೊಂಡು ಗಡಿ ದಾಟಿದೆ. ಹೋಗಿ ನಿಂತದ್ದು ಮುಂಬೈ ಕಡೆಯ ಸಮುದ್ರದ ದಂಡಿಯಲ್ಲಿ, ಮೀನುಗಾರರ ಓಣಿಯಲ್ಲಿ. ಅಲ್ಲಿ ಗಾಳಿಗೂ ಬೆವರು! ಒಗೆದ ಧೋತರ ಎರಡು ದಿನವಾದರೂ ಒಣಗದು. ಮಣ್ಣು ಮೆತ್ತುವ ನನ್ನ ಕರಣಿಗೆ ಎಂಟೇ ದಿನದಲ್ಲಿ ಜಂಗು ಹಿಡಿಯಿತು.

ಮೀನು ಮಾರುವ ಮುದುಕಿ ಲಕ್ಷ್ಮೀಬಾಯಿ, ಜಾತಿ ಊರು ಕೇಳದೆ, ಅಂಗಳದ ಖೋಲಿ ಬಿಟ್ಟುಕೊಟ್ಟಳು. ಅದರ ಅಟ್ಟದ ಮೇಲೆ ಒಣಮೀನಿನ ಮೂರು ಬುಟ್ಟಿ. ಮಳೆಗಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲ. ಮಳೆ ಮುಗಿಯುವತನಕ ಅವಳ ಹೊಟ್ಟೆಗೆ ಅದೇ ಆಧಾರ. ಕೊರಳಲ್ಲಿ ಲಿಂಗ ಕಟ್ಟಿದ ನಾವು ಮೂಗು ಮುಚ್ಚಿಕೊಂಡು ಕೆಳಗೆ ಮಲಗಿದೆವು.

ನನ್ನನ್ನು ಕಾಡಿದ್ದು ವಾಸನೆಯಲ್ಲ, ತೆಂಗಿನ ಗರಿಯ ಇಳಿಜಾರು ಹೊದಿಕೆ. ಗೌಂಡಿಯಾದವನು ಗರಿಯ ಕೆಳಗೆ ಮಲಗುವುದೇ? ಮುದುಕಿಯ ಉಪಕಾರ ತೀರಿಸಲು ಮಾಳಗಿಯನ್ನೇ ಹಾಕಿಕೊಡಬೇಕೆಂದು ನಿಶ್ಚಯಿಸಿದೆ.

"ಇಲ್ಲಿ ಮಣ್ಣು ನಿಲ್ಲೂದಿಲ್ಲ, ದಾದಾ," ಅಂದಳು ಮುದುಕಿ ಮರಾಠಿಯಲ್ಲಿ.

"ನಮ್ಮ ಕಡಿ ಮಾಳಗಿಗಿ ಉಪ್ಪುಪ್ಪು ಸವಳು ಮಣ್ಣು ಹುಡುಕ್ಯಾಡಿ ಮೈಲುಗಟ್ಲೆ ಬಂಡಿ ಹೊಡಿತೇವಿ ಬಾಯಿ. ಇಲ್ಲಿ ದಂಡಿ ಪೂರಾ ಉಪ್ಪೇ ಅದ!"

"ಆಕಿ ಹುಟ್ಟಿದಾಗಿಂದ ಇಲ್ಲೇ ಇದ್ದಾಳರಿ," ಅಂದಳು ಗುರಮ್ಮ.

"ಆಕಿ ಮೀನ ಮಾರ್ತಾಳ. ಗೌಂಡಿ ಯಾರು?"

"ನೀವೇರಿ."

ಆ ಧ್ವನಿಯನ್ನು ನಾನು ಆಗಲೇ ಕೇಳಿಸಿಕೊಳ್ಳಬೇಕಿತ್ತು.

ಹನ್ನೆರಡು ದಿನ ಉಪ್ಪುಮಣ್ಣು ಹೊತ್ತೆ. ಗರಿ ಕಿತ್ತು ಅಂಗಳದಲ್ಲಿ ಒಟ್ಟಿದೆ. ತೊಲೆ, ಬಿದಿರು, ಮೇಲೆ ಗೇಣು ದಪ್ಪ ಮಣ್ಣು. ಬಡಿದು ಸಪಾಟು ಮಾಡಿದೆ. ಓಣಿಯವರೆಲ್ಲ ಬಂದು ನೋಡಿದರು. ಒಬ್ಬರೂ ಹೊಗಳಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ!

ಮಳೆ ಬಂತು. ನಮ್ಮಲ್ಲಿ ಮಳೆ ಬಂದು ಹೋಗುತ್ತದೆ. ಅಲ್ಲಿ ಬಂದದ್ದು ಹೋಗಲೇ ಇಲ್ಲ! ಮೊದಲ ದಿನ ಹನಿ, ಮರುದಿನ ಧಾರೆ. ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಗುರಮ್ಮ ತಲೆ ಎತ್ತಿ ನೋಡಿದಳು.

"ಏನ್ರೀ, ನಿಮ್ಮ ಮಾಳಗಿ ಒಳಗ ಬರ್ಲಾಕತ್ತದ."

ಬಂತು.

ನಮ್ಮ ಸವಳು ಮಣ್ಣು, ನೀರು ಕಂಡರೆ ಬಿಗಿಯುತ್ತದೆ. ಸಮುದ್ರದ ಉಪ್ಪುಮಣ್ಣು, ನೀರು ಕಂಡರೆ ಕರಗುತ್ತದೆ. ಮೂರನೆಯ ಇಯತ್ತೆಯಲ್ಲಿ ಇದಿರಲಿಲ್ಲ!

ಅಟ್ಟ ಏರಿ, ಲಿಂಗ ಕಟ್ಟಿದ ಎದೆಗೇ ಒಣಮೀನಿನ ಬುಟ್ಟಿ ಅವಚಿಕೊಂಡು ಹೊರಗೆ ಓಡಿದೆ. ಎರಡು ಬುಟ್ಟಿ ಉಳಿದವು. ಮೂರನೆಯದು ಕೆಸರಿನಡಿ ಹೋಯಿತು. ಅದು ಮುದುಕಿಯ ಮಳೆಗಾಲದ ಊಟದಲ್ಲಿ ಮೂರರಲ್ಲೊಂದು ಪಾಲು.

ಲಕ್ಷ್ಮೀಬಾಯಿ ಬೈಯಲಿಲ್ಲ. ಸೀರೆಯ ಕಚ್ಚೆ ಬಿಗಿದು ಏಣಿ ಹತ್ತಿ, "ದಾದಾ, ಗರಿ ಕೊಡು," ಅಂದಳು. ಭಾಲ್ಕಿಯ ಗೌಂಡಿ ಕೆಳಗೆ ನಿಂತು ಗರಿ ಎತ್ತಿಕೊಟ್ಟ. ಅರ್ಧ ದಿನದಲ್ಲಿ ಮನೆ ಮತ್ತೆ ಮನೆಯಾಯಿತು. ಅಂದಿನಿಂದ ಗುರಮ್ಮ ಮೂವರಿಗೆ ರೊಟ್ಟಿ ಬಡಿದಳು.

ಗಣಪತಿ ಹಬ್ಬ ಮುಗಿದ ಮೇಲೆ, ನಿಜಾಮ ಶರಣಾದ ಸುದ್ದಿ ಬಂತು. ಮನೆ ನಿಂತಿದೆಯೋ ಇಲ್ಲವೋ ಎಂದು ಹೆದರುತ್ತ ಭಾಲ್ಕಿಗೆ ಬಂದೆವು. ನಿಂತಿತ್ತು! ಮಳೆಗಾಲ ಪೂರ್ತಿ ಯಾರೂ ಏರಿ ಹುಲ್ಲು ಕೀಳದಿದ್ದರೂ ಒಳಗೆ ಒಂದು ಹನಿ ಇಲ್ಲ. ನನ್ನ ಎದೆ ಉಬ್ಬಿತು.

"ನೋಡಿದಿ? ಮಾಳಗಿ ಅಂದ್ರ ಇದು!"

ಗುರಮ್ಮ ಗಂಟು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೌದರಿ. ಇದು ನಿಮ್ಮಪ್ಪ ಹಾಕಿದ್ದು."