ಊಟಕ್ಕೆ ಎಷ್ಟು ಜನ?

ಬಿಟ್ಟಿ ಸಲಹೆ ಕೊಡುವುದೂ ಒಂದು ಚಟ. ಸಿಗರೇಟು ಬಿಡಿಸುವುದಕ್ಕೆ ಏನೇನೋ ಗಮ್ಮು, ಪ್ಯಾಚು ಎಲ್ಲ ಬಂದಿವೆ. ಈ ಚಟ ಬಿಡಿಸುವ ಔಷಧಿಯನ್ನು ಮಾತ್ರ ಯಾವ ಕಂಪನಿಯೂ ಕಂಡುಹಿಡಿದಿಲ್ಲ. ಎದುರಿಗಿದ್ದವರು ಸೊಂಟ ಹಿಡಿದುಕೊಂಡರೆ ಸಾಕು, "ಎಳ್ಳೆಣ್ಣೆ ಹಚ್ಚಿ" ಎಂದುಬಿಡುತ್ತೇನೆ. ಮನೆಯಲ್ಲಿ ನಿಜವಾದ ಡಾಕ್ಟರು ನನ್ನ ಹೆಂಡತಿ ವಸುಧಾ. ಅವಳು ಕೇಳದೆ ಯಾರಿಗೂ ಏನೂ ಹೇಳುವವಳಲ್ಲ. ನಾನೋ ನ್ಯೂಯಾರ್ಕಿಗೆ ಹತ್ತಿರದ ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು. ಅಲ್ಲಿ ನನ್ನ ಸಲಹೆಗೆ ಸಂಬಳ ಕೊಡುತ್ತಾರೆ, ಆದರೆ ಕೇಳುವವರಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಮನುಷ್ಯ ಒಬ್ಬನೇ. ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ಉಣ್ಣದೆ ಕೂತಿದ್ದೇನೆ.

ಆ ಮನುಷ್ಯ ಪಕ್ಕದ ಮನೆಯ ಫ್ರಾಂಕ್. ರಿಟೈರ್ ಆದ ಎಲೆಕ್ಟ್ರಿಷಿಯನ್, ನಮ್ಮ ಟೌನ್‌ಶಿಪ್ಪಿನ ಬಂದೂಕು ಹಕ್ಕಿನ ಸಂಘಕ್ಕೆ ಅಧ್ಯಕ್ಷ. ಅವನ ಟೋಪಿ, ಟೀ ಶರ್ಟು, ಕಾಫಿ ಮಗ್ಗು ಎಲ್ಲದರ ಮೇಲೂ ಬಂದೂಕಿನ ಚಿತ್ರವಿದೆ. ನಾನು ಕುಕ್ಕರ್ ಕೂಗಿದರೆ ಬೆಚ್ಚಿ ಬೀಳುವ ಪೈಕಿ. ದೀಪಾವಳಿಯಲ್ಲಿ ಸುರುಸುರು ಬತ್ತಿಯನ್ನೂ ಕೈ ಆದಷ್ಟು ಉದ್ದ ಚಾಚಿ ಹಿಡಿಯುತ್ತಿದ್ದೆ. ಇಂಥ ನಮ್ಮಿಬ್ಬರಿಗೆ ಸ್ನೇಹ ಹತ್ತಿದ್ದು ಹಿಮದ ದೆಸೆಯಿಂದ. ಅವನ ಬಳಿ ದೊಡ್ಡ ಸ್ನೋ ಬ್ಲೋವರ್ ಇದೆ, ನನ್ನ ಬಳಿ ಬೆನ್ನುನೋವಿದೆ. ಚಳಿಗಾಲವಿಡೀ ನಮ್ಮ ಡ್ರೈವ್‌ವೇಯನ್ನು ಅವನೇ ಚೊಕ್ಕ ಮಾಡುತ್ತಾನೆ. ಮೂರ್ತಿ ಎಂಬ ಹೆಸರು ಅವನ ನಾಲಿಗೆಗೆ ಹತ್ತದೆ ಮಾರ್ಟಿ ಎನ್ನುತ್ತಾನೆ. ಹಿಮ ತೆಗೆಯುವವನು ಹೇಗೆ ಕರೆದರೂ ಚೆಂದವೇ.

ಕಳೆದ ವಸಂತದಲ್ಲಿ ಅವನು ಬೇಲಿಗೆ ಮೊಣಕೈ ಊರಿ ನಿಂತು ತನ್ನ ಗೋಳು ತೋಡಿಕೊಂಡ. ಅವನ ಸಂಘದವರು ಗುಂಡು ಹಾರಿಸಲು ತಪ್ಪದೆ ಬರುತ್ತಾರಂತೆ, ಮೀಟಿಂಗಿಗೆ ಬರುವುದಿಲ್ಲವಂತೆ. ಬಂದೂಕಿನ ಹಕ್ಕಿಗಾಗಿ ಪ್ರಾಣ ಕೊಡುತ್ತೇವೆ ಎನ್ನುತ್ತಾರಂತೆ, ಚುನಾವಣೆಯ ದಿನ ಸೋಫಾ ಬಿಟ್ಟು ಏಳುವುದಿಲ್ಲವಂತೆ. "ಬಾಗಿಲಲ್ಲೇ ಡೋನಟ್ ಇಡ್ತೀನಿ ಮಾರ್ಟಿ, ತಿಂದು ಹೊರಟೇ ಹೋಗ್ತಾರೆ!" ಎಂದ. ಅವನ ಕಣ್ಣಲ್ಲಿ ನೀರಾಡಿದಂತೆ ಕಂಡಿತು. ಪೋಲನ್ ಅಲರ್ಜಿಯೂ ಇದ್ದೀತು.

ನಾನು ಸುಮ್ಮನಿರಬಹುದಿತ್ತು. ಆದರೆ ಕನ್ನಡ ಕೂಟದ ಊಟದ ಕಮಿಟಿಯಲ್ಲಿ ವರ್ಷಗಟ್ಟಲೆ ಸವೆದ ಜೀವ ಇದು. ಡೋನಟ್ಟನ್ನು ಬಾಗಿಲಲ್ಲಿ ಇಡುವುದೆಂದರೇನು! ನನ್ನೊಳಗಿನ ಅಡುಗೆಭಟ್ಟ ಸಿಡಿದೆದ್ದ. "ಫ್ರಾಂಕ್, ಊಟ ಯಾವತ್ತೂ ಕೊನೆಗೆ" ಎಂದೆ. ಯುಗಾದಿ ಕಾರ್ಯಕ್ರಮದಲ್ಲಿ ಅಧ್ಯಕ್ಷರ ಭಾಷಣ, ಅರವತ್ತು ಮಕ್ಕಳ ಡ್ಯಾನ್ಸು, ಪ್ರಾಯೋಜಕರಿಗೆ ಶಾಲು, ಎಲ್ಲವನ್ನೂ ಜನ ತಾಳಿಕೊಂಡು ಕೂರುವುದು ಹಿಂದಿನ ಕೋಣೆಯಿಂದ ಬರುವ ಬಿಸಿಬೇಳೆಬಾತಿನ ವಾಸನೆಗೆ ಎಂದು ವಿವರಿಸಿದೆ. ಎರಡನೆಯ ಗುಟ್ಟನ್ನೂ ಬಿಟ್ಟುಕೊಟ್ಟೆ. ಫೋನು ಮಾಡಿ "ಬರ್ತೀರಾ?" ಎಂದು ಕೇಳಲೇಬಾರದು. ಕೇಳಿದರೆ "ನೋಡೋಣ" ಎನ್ನುತ್ತಾರೆ. "ಊಟಕ್ಕೆ ಎಷ್ಟು ಜನ?" ಎಂದು ಕೇಳಬೇಕು, ಅದೂ ಗಂಡನನ್ನಲ್ಲ, ಹೆಂಡತಿಯನ್ನು. ಬರುವುದು ಆಗಲೇ ತೀರ್ಮಾನವಾಗಿದೆ, ಉಳಿದಿರುವುದು ಅಕ್ಕಿಯ ಅಳತೆ ಮಾತ್ರ ಎಂಬಂತಿರಬೇಕು ಧ್ವನಿ. ಒಮ್ಮೆ ಬಾಯಿಬಿಟ್ಟು ಸಂಖ್ಯೆ ಹೇಳಿದವರು ತಪ್ಪಿಸಿಕೊಳ್ಳುವುದು ಕಷ್ಟ.

"ಕಾರ್ಯಕ್ರಮ ತಪ್ಪಿಸಿ ಊಟಕ್ಕೆ ಮಾತ್ರ ಬಂದರೆ?" ಎಂದು ಕೇಳಿದ ಫ್ರಾಂಕ್. ಚುರುಕು ಶಿಷ್ಯ. ಅದಕ್ಕೆ ನಮ್ಮಲ್ಲಿ ಶಾಂತಾ ಆಂಟಿ ಇದ್ದಾರೆ ಎಂದೆ. ಅವರು ಸಾಲಿನ ತುದಿಯಲ್ಲಿ ನಿಂತು, ತಟ್ಟೆ ಹಿಡಿದವರನ್ನೆಲ್ಲ "ಮಕ್ಕಳ ಡ್ಯಾನ್ಸ್ ಹೇಗಿತ್ತು?" ಎಂದು ನಗುನಗುತ್ತಾ ಕೇಳುತ್ತಾರೆ. ನೋಡದವನ ಕೈಯಲ್ಲಿ ಹಪ್ಪಳ ನಡುಗುತ್ತದೆ. ಫ್ರಾಂಕ್, "ವೋಟ್ ಹಾಕಿದವರಿಗೆ ಎದೆಗೆ ಅಂಟಿಸಿಕೊಳ್ಳೋಕೆ ಸ್ಟಿಕರ್ ಕೊಡ್ತಾರಲ್ಲ" ಎಂದ. ಶಿಷ್ಯ ಗುರುವನ್ನು ಮೀರಿಸುವುದನ್ನು ನಾನು ಕಣ್ಣಾರೆ ಕಂಡೆ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಎನ್ನುವ ಗಾದೆ ಆ ಹೊತ್ತಿಗೆ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ವಸುಧಾ ಟೌನ್‌ಶಿಪ್ ಕೌನ್ಸಿಲಿಗೆ ನಿಂತಳು. ಅವಳ ಬೇಡಿಕೆ ಒಂದೇ. ಮಕ್ಕಳು ಸಾಕರ್ ಆಡುವ ಮೈದಾನದ ಹಿಂದೆಯೇ ಫ್ರಾಂಕ್ ಸಂಘದವರು ಗುಂಡು ಹಾರಿಸುವ ಜಾಗವಿದೆ. ಭಾನುವಾರ ಬೆಳಗಿನ ಹೊತ್ತು ಅದು ಬಂದ್ ಆಗಬೇಕು. ಅವಳ ಕ್ಲಿನಿಕ್ಕಿಗೆ ಬರುವ ಒಂದು ಪುಟ್ಟ ಹುಡುಗಿ ಆ ಸದ್ದಿಗೆ ಹೆದರಿ ಆಟವನ್ನೇ ಬಿಟ್ಟಿತ್ತು. ಬಂದೂಕಿನವರಿಗೆ ಇದು ಸರ್ವಾಧಿಕಾರದ ಮೊದಲ ಮೆಟ್ಟಿಲಾಗಿ ಕಂಡಿತು. ಭಾನುವಾರ ಬೆಳಿಗ್ಗೆ ಹೋದರೆ ಸೋಮವಾರವೂ ಹೋಗುತ್ತದೆ, ಆಮೇಲೆ ಸ್ವಾತಂತ್ರ್ಯವೇ ಹೋಗುತ್ತದೆ ಎಂದು ಕರಪತ್ರ ಹಂಚಿದರು. ಫ್ರಾಂಕ್ ಮಾತ್ರ ವೈಯಕ್ತಿಕವಾಗಿ ಏನೂ ಇಟ್ಟುಕೊಳ್ಳಲಿಲ್ಲ. ಅವಳ ವಿರುದ್ಧದ ಬೋರ್ಡನ್ನು ನಮ್ಮ ಹೂವಿನ ಗಿಡಕ್ಕೆ ನೆರಳಾಗದಂತೆ ನೋಡಿ ನೆಟ್ಟ.

ನಾನು ಅವಳಿಗೂ ನನ್ನ ಸೂತ್ರ ಹೇಳಹೋದೆ. "ರೀ, ಇದು ಪ್ರಿನ್ಸಿಪಲ್‌ನ ವಿಷಯ. ಜನಕ್ಕೆ ಊಟ ಹಾಕಿ ಕರೆಯೋಕೆ ಇದೇನು ನಾಮಕರಣವಾ?" ಎಂದಳು. ನಮ್ಮವರ ಉತ್ಸಾಹವನ್ನಂತೂ ಕೇಳಬೇಡಿ. ನಮ್ಮ ಬೇಸ್‌ಮೆಂಟಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿ, ಸೆಲ್ಫಿ ತೆಗೆದು, "ವಸುಧಾ ಆಂಟಿ, ನೀವು ಗೆದ್ದ ಹಾಗೇ" ಎಂದರು. ಆಮೇಲೆ ವಿಚಾರಿಸಿದರೆ, ಬಹಳ ಜೋರಾಗಿ ಕೂಗಿದವರು ಎಚ್‌ಒನ್‌ಬಿ ವೀಸಾ ಮೇಲಿದ್ದವರು, ಅವರಿಗೆ ವೋಟಿಲ್ಲ. ಮಿಕ್ಕವರಲ್ಲಿ ಅರ್ಧ ಜನ ಗ್ರೀನ್ ಕಾರ್ಡಿನವರು, ಅವರಿಗೂ ಇಲ್ಲ. ವೋಟಿದ್ದವರು ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು. ಅವರು "ಟ್ರೈ ಮಾಡ್ತೀವಿ" ಎಂದರು.

ಅಕ್ಟೋಬರಿನ ಒಂದು ಸಂಜೆ ವಸುಧಾ ಮನೆಮನೆಗೆ ಹೋಗಿದ್ದಾಗ ಅವಳ ಫೋನು ಸೋಫಾದ ಮೇಲೆ ಬಡಿದುಕೊಂಡಿತು. ನಾನೇ ಎತ್ತಿದೆ. ಫ್ರಾಂಕನ ಹೆಂಡತಿ ಡೋನಾ. ಊರಿನ ಮನೆಗಳಿಗೆಲ್ಲ ಸಾಲಾಗಿ ಮಾಡುತ್ತಿದ್ದಳೋ ಏನೋ, ಉಸಿರು ಬಿಡದೆ, ಜೇನು ಸುರಿದಂತೆ ಕೇಳಿದಳು: ಚುನಾವಣೆಯ ಸಂಜೆ ನಮ್ಮ ಹಾಲ್‌ನಲ್ಲಿ ಊಟ, ನಿಮ್ಮ ಮನೆಯಿಂದ ಎಷ್ಟು ಜನ? ನನ್ನ ಸೂತ್ರ, ನನ್ನದೇ ಶ್ರುತಿ. ಇದು ಬಲೆ ಎಂದು ಗೊತ್ತು, ಹೆಣೆದವನೇ ನಾನು. ಆದರೂ ಊಟಕ್ಕೆ ಎಷ್ಟು ಜನ ಎಂದು ಕೇಳಿದರೆ "ಇಲ್ಲ" ಎನ್ನುವ ಸಂಸ್ಕಾರ ನನಗಿಲ್ಲ. "ಟೂ" ಎಂದುಬಿಟ್ಟೆ. ಹೈಸ್ಕೂಲಿಗೆ ಹೋಗುವ ಮಗಳು ನಿಧಿ ತಲೆಯೆತ್ತಿ "ಹೂ ವಾಸ್ ದಟ್?" ಎಂದಳು. ಸ್ಪ್ಯಾಮ್ ಕಾಲ್ ಎಂದೆ.

ಅಂಚೆಯಲ್ಲಿ ವೋಟು ಕಳಿಸಬಹುದಿತ್ತು. ಮೊದಲೇ ಹೋಗಿ ಹಾಕಿಬರಬಹುದಿತ್ತು. ವಸುಧಾ ನೆನಪಿಸಿದಾಗಲೆಲ್ಲ "ಹೆಂಡತಿಗೆ ಹಾಕೋದಕ್ಕೆ ನೆನಪಿಸಬೇಕಾ?" ಎಂದು ನಗುತ್ತಿದ್ದೆ. ಕೊನೆಗೆ ಚುನಾವಣೆಯ ದಿನ, ಮಂಗಳವಾರ ಸಂಜೆ, ಆಫೀಸಿನಿಂದ ನೇರ ಅಗ್ನಿಶಾಮಕ ಠಾಣೆಗೆ ಹೋದೆ. ಅದೇ ನಮ್ಮ ಮತಗಟ್ಟೆ. ಸಾಲು ರಸ್ತೆಯವರೆಗೆ ಬಂದಿತ್ತು. ಎಲ್ಲರ ತಲೆಯ ಮೇಲೂ ಫ್ರಾಂಕನಂಥದೇ ಟೋಪಿ. ಎದುರಿಗಿದ್ದ ಫ್ರಾಂಕ್ ಸಂಘದ ಹಾಲ್‌ನಿಂದ ಜೀರಿಗೆ, ಈರುಳ್ಳಿಯ ವಾಸನೆ ತೇಲಿ ಬರುತ್ತಿತ್ತು. ಇಬ್ಬರು ಬರುತ್ತೇವೆಂದು ಹೇಳಿ ಬರದವರನ್ನು ನಾನು ಕೂಟದಲ್ಲಿ ವರ್ಷಗಟ್ಟಲೆ ಶಪಿಸಿದ್ದೇನೆ. ಒಮ್ಮೆ ಮುಖ ತೋರಿಸಿ ಬಂದರಾಯಿತು, ಅಷ್ಟರಲ್ಲಿ ಸಾಲೂ ಕರಗುತ್ತದೆ ಎಂದುಕೊಂಡು ರಸ್ತೆ ದಾಟಿದೆ. ಊಟ ಯಾವತ್ತೂ ಕೊನೆಗೆ ಎಂದು ಲೋಕಕ್ಕೆ ಬೋಧಿಸಿದ ಮಹಾನುಭಾವ ನಾನು.

ಬಾಗಿಲಲ್ಲಿ ಅವರ ವಕೀಲರು ಬರೆಸಿದ ಬೋರ್ಡಿತ್ತು: ವೋಟು ಹಾಕಿರಲಿ, ಬಿಟ್ಟಿರಲಿ, ಯಾರಿಗೆ ಹಾಕಿರಲಿ, ಎಲ್ಲರಿಗೂ ಸ್ವಾಗತ. ವೋಟಿಗೆ ಪ್ರತಿಯಾಗಿ ಊಟ ಹಾಕುವುದು ಕಾನೂನಿಗೆ ವಿರುದ್ಧವಂತೆ. ಒಳಗಿನ ಸಾಲಿನಲ್ಲಿ ಮಾತ್ರ ಎಲ್ಲರ ಎದೆಯ ಮೇಲೂ ಸ್ಟಿಕರು, ಸಾಲಿನ ತುದಿಯಲ್ಲಿ ಡೋನಾ. ಅವಳು ಏನೂ ಕೇಳುವುದಿಲ್ಲ. ಮುಖ ನೋಡಿ ನಗುತ್ತಾಳೆ, ಆಮೇಲೆ ಎದೆ ನೋಡುತ್ತಾಳೆ, ಆಮೇಲೆ ನಗುವುದಿಲ್ಲ. ಸಾಕ್ಷಾತ್ ಶಾಂತಾ ಆಂಟಿ. ನನ್ನ ಸರದಿ ಹತ್ತಿರ ಬಂತು. ಕೋಟಿನ ಗುಂಡಿ ಹಾಕಿಕೊಂಡೆ. ಅಷ್ಟರಲ್ಲಿ ಮೇಜಿನ ಹಿಂದೆ ಒಬ್ಬ ದಡೂತಿ ಆಸಾಮಿ ಚಿಲ್ಲಿಯನ್ನು, ಎಂದರೆ ಅವರ ರಾಜ್ಮಾ ಹುಳಿಯನ್ನು, ತಟ್ಟೆಗೆ ಎರಡೆರಡು ಸೌಟು ಸುರಿಯುತ್ತಿದ್ದ. ಹೀಗೆ ಬಡಿಸಿದರೆ ಕೊನೆಯ ಪಂಕ್ತಿಗೆ ತಳವೇ ಗತಿ! ಜೊತೆಗೆ ಮಾಂಸದ್ದಕ್ಕೂ ಬರೀ ಕಾಳಿನದಕ್ಕೂ ಒಂದೇ ಸೌಟು! ಬಡಿಸುವವನ ಎದೆಯನ್ನು ಯಾರೂ ನೋಡುವುದಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ನುಸುಳಿ ಹಿಂದೆ ಹೋದೆ, ಏಪ್ರನ್ ಕಟ್ಟಿದೆ, ಸೌಟು ಕಿತ್ತುಕೊಂಡೆ.

ಆಮೇಲೆ ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಬ್ರೆಡ್ಡನ್ನು ಮುಂದಕ್ಕೆ ಸರಿಸಿದೆ, ಚಿಲ್ಲಿಯನ್ನು ಹಿಂದಕ್ಕೆ ಹಾಕಿದೆ, ಮಕ್ಕಳಿಗೆ ಬೇರೆ ಸಾಲು ಮಾಡಿಸಿದೆ. "ಮಾರ್ಟಿ, ನೀನು ದೇವರು!" ಎಂದು ಫ್ರಾಂಕ್ ಬೆನ್ನು ತಟ್ಟಿದಾಗ ಹಿಗ್ಗಿ ಹೀರೇಕಾಯಾದೆ. ತಲೆಯೆತ್ತಿ ಗಡಿಯಾರ ನೋಡುವಾಗ ಮತದಾನ ಮುಗಿಯುವ ಎಂಟು ಗಂಟೆ ದಾಟಿತ್ತು. ಸೌಟು ಹಿಡಿದೇ ರಸ್ತೆಗೆ ಓಡಿದೆ. ಠಾಣೆಯ ಬಾಗಿಲಲ್ಲಿ ಒಬ್ಬ ಮುದುಕಿ ಮತಗಟ್ಟೆಯ ಬೋರ್ಡು ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು. ನನ್ನ ಏಪ್ರನ್ ನೋಡಿ, ಊಟ ಬಹಳ ಚೆನ್ನಾಗಿತ್ತು ಎಂದಳು.

ವಸುಧಾ ಸೋತಳು. ಅಂತರ ದೊಡ್ಡದೇನಲ್ಲ. ನನ್ನ ಒಂದು ವೋಟಿನಿಂದ ತುಂಬುವಷ್ಟು ಚಿಕ್ಕದೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಸಮಾಧಾನವಾಗಲಿಲ್ಲ. ಅವಳು ಅಳಲಿಲ್ಲ, ಕ್ಲಿನಿಕ್ಕಿಗೂ ರಜೆ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ಮೈದಾನದ ಕಡೆಯಿಂದ ಢಂ ಢಂ ಸದ್ದು ಶುರುವಾದಾಗ ಕಿಟಕಿಯ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳ ಬೆನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬೆಲ್ಲಾಯಿತು.

ಡೋನಾ ಬಂದಿದ್ದಳು, ಮುಚ್ಚಿದ ಟ್ರೇ ಹಿಡಿದು. ವಸುಧಾಳನ್ನು ಅಪ್ಪಿಕೊಂಡು, ಹೋರಾಟ ಚೆನ್ನಾಗಿತ್ತು ಎಂದಳು. ಆಮೇಲೆ ಸಂಘದ ಒಂದು ಹೊಸ ಟೋಪಿ ತೆಗೆದು ನನ್ನ ತಲೆಗಿಟ್ಟಳು. "ನಿನ್ನ ಗಂಡ ಇಲ್ಲದಿದ್ದರೆ ನಮಗೆ ಇದು ಆಗ್ತಾನೇ ಇರಲಿಲ್ಲ, ಹನೀ. ಐಡಿಯಾನೂ ಅವನದೇ, ಅವತ್ತು ಸಂಜೆಯಿಡೀ ಬಡಿಸಿದವನೂ ಅವನೇ" ಎಂದು ಮನಸಾರೆ ಹೊಗಳಿ ಹೋದಳು. ಬಾಗಿಲು ಮುಚ್ಚಿತು. ವಸುಧಾ ಟೋಪಿ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಎದೆ ನೋಡಿದಳು. "ಸಂಜೆಯಿಡೀ ಅಂದ್ರೆ, ನಿಮ್ಮ ವೋಟು?" ಎಂದಳು. ನಾನು ಎಳ್ಳೆಣ್ಣೆಯ ಗುಣದಂಥ ಏನೋ ಹೇಳಲು ಹೋದೆ. ನಿಧಿ ಮೆಟ್ಟಿಲ ಮೇಲಿಂದ "ಓ ಮೈ ಗಾಡ್, ಡ್ಯಾಡ್" ಎಂದಳು.

ವಸುಧಾ ಕೂಗಾಡಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬ ತೆರೆದು, ಅಳೆಯುವ ಲೋಟ ಕೈಯಲ್ಲಿ ಹಿಡಿದು, ಜೇನು ಸುರಿದಂತೆ ಕೇಳಿದಳು: "ನಿಧಿ, ಊಟಕ್ಕೆ ಎಷ್ಟು ಜನ?"

ನಿಧಿ ನನ್ನ ಕಡೆ ಒಮ್ಮೆ ನೋಡಿದಳು.

"ಟೂ, ಅಮ್ಮ" ಎಂದಳು.